ಮೂರು ಮೂಲೆ ಪಡಸಾಲೆಯ ರಫೂ ಅತ್ತೆ

ನನ್ನ ಸೋದರತ್ತೆ ಯಾರನ್ನೂ ಸುಲಭಕ್ಕೆ ಕ್ಷಮಿಸುವವಳಲ್ಲ. ಅದು ದೊಡ್ಡ ದೋಷ ಅಂತ ನೆಂಟರೆಲ್ಲ ಹೇಳುತ್ತಾರೆ. ನಮ್ಮಪ್ಪನಂಥ ಅಣ್ಣನ ಜೊತೆ ಹುಟ್ಟಿದ್ದರೆ ಅವರೇನು ಮಾಡುತ್ತಿದ್ದರೋ ನೋಡಬೇಕಿತ್ತು.

ಅವಳ ಕಸುಬು ರಫೂ. ಹರಿದ ಬಟ್ಟೆಯ ತೂತನ್ನು ಸೂಜಿಯಿಂದ ನೂಲು ನೂಲಾಗಿ ನೇಯ್ದು, ಅಲ್ಲಿ ತೂತಿತ್ತು ಅನ್ನುವುದೇ ತಿಳಿಯದಂತೆ ಮುಚ್ಚುವುದು. ಪೇಟೆಯ ದೊಡ್ಡ ಟೈಲರ್ ಅಂಗಡಿಯಿಂದ ವಾರಕ್ಕೊಂದು ಗಂಟು ಬರುತ್ತಿತ್ತು. ಮದುವೆ ಬೇಡವೆಂದು ತಾತನ ಜೊತೆಗೇ ಉಳಿದವಳಿಗೆ ಅದೇ ಅನ್ನ.

ತಾತ ಹೋದ ಮೇಲೆ ಮನೆ ಪಾಲಾಯಿತು. ಎರಡು ರಸ್ತೆ ಓರೆಯಾಗಿ ಕೂಡುವ ಜಾಗದಲ್ಲಿದ್ದ ಮನೆ ಅದು. ಕಿಟಕಿಗಳಿದ್ದ ಮುಂಭಾಗವನ್ನು ಅಪ್ಪ ತಾನಿಟ್ಟುಕೊಂಡು, ಹಿಂದಿನ ಪಡಸಾಲೆಯನ್ನು ತಂಗಿಗೆ ಬಿಟ್ಟ. ಬಾಗಿಲ ಕಡೆ ಅಗಲ, ಒಳಗೆ ಹೋಗುತ್ತ ಹೋಗುತ್ತ ಕಿರಿದಾಗಿ, ಕೊನೆಗೆ ಕುರ್ಚಿಯನ್ನೂ ಅಡ್ಡ ಹಾಕಲಾಗದಷ್ಟು ಇಕ್ಕಟ್ಟು. ಇದ್ದ ಒಂದೇ ಕಿಟಕಿಯ ಮುಂದೆ, ಕೈ ಚಾಚಿದರೆ ತಾಗುವಷ್ಟು ಹತ್ತಿರ, ಅಪ್ಪ ಮೆಟ್ಟಿಲಿಗೆಂದು ಗೋಡೆ ಎಬ್ಬಿಸಿದ. ರಫೂ ಮಾಡುವವರಿಗೆ ಹಗಲ ಬೆಳಕು ಬೇಕು ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಗೋಡೆ ಮುಗಿದ ದಿನ ಅವನು ಮೇಸ್ತ್ರಿಗೆ ಹೇಳಿದ್ದು ಅತ್ತೆಗೆ ಕಿಟಕಿಯಿಂದ ಕೇಳಿಸಿತು.

"ಇನ್ನು ನಾಲ್ಕು ತಿಂಗಳು ನೋಡು. ಕಣ್ಣು ನೋವು ಅಂತ ತಾನೇ ಬಂದು ಜಾಗ ನನಗೆ ಬರ್ಕೊಡ್ತಾಳೆ."

ಅತ್ತೆ ಜಗಳಕ್ಕೆ ಹೋಗಲಿಲ್ಲ. ಅದೇ ಮೇಸ್ತ್ರಿಯನ್ನು ಮರುದಿನ ಕರೆಸಿದಳು. "ಅವನ ಕಣ್ಣು ಕುಕ್ಕೋ ಹಾಗೆ ಬೆಳಕು ತರ್ಬೇಕು," ಎಂದಳು.

ಮೊದಲು ತಾತನ ಕಾಲದ ಕಪ್ಪು ಬೀರು ಹೊರಗೆ ಬಂತು. ಅಗಲದ ಕಡೆ ನಿಂತು ಅರ್ಧ ಪಡಸಾಲೆಯನ್ನೇ ನುಂಗುತ್ತಿದ್ದ ಅದನ್ನು ಬಿಚ್ಚಿಸಿ, ಹಲಗೆಗಳಿಗೆ ಬಿಳಿ ಬಣ್ಣ ಹೊಡೆಸಿ, ಗೋಡೆಗೆ ಗಿಡ್ಡ ಕಪಾಟು ಮಾಡಿಸಿದಳು. ದಪ್ಪ ಪರದೆಗಳು ನೆಲ ಒರೆಸುವ ಬಟ್ಟೆಗಳಾದವು. ಗೋಡೆಗಳಿಗೆ ಮೂರು ಸಲ ಸುಣ್ಣ ಬಿತ್ತು. ಅಪ್ಪನ ಗೋಡೆಯ ಮೇಲೆ ಬೆರಳಗಲ ಆಕಾಶ ಉಳಿದಿತ್ತಲ್ಲ, ಅದನ್ನು ಹಿಡಿಯಲು ಕಿಟಕಿಯ ಎದುರು ಕನ್ನಡಿಯನ್ನು ಸ್ವಲ್ಪ ಬಾಗಿಸಿ ತೂಗುಹಾಕಿದಳು. ಕೊನೆಗೆ ಗಾಜಿನ ಹೆಂಚು. ಮೇಸ್ತ್ರಿ ಅಗಲದ ಕಡೆ ಹಾಕೋಣ ಅಂದ. ಅತ್ತೆ ಕೇಳಲಿಲ್ಲ.

"ಇಕ್ಕಟ್ಟಿನ ಕಡೆನೇ ಹಾಕಪ್ಪ. ಅಗಲದಲ್ಲಿ ಬಿದ್ದ ಬೆಳಕು ಚೆದುರಿ ಹೋಗುತ್ತೆ. ಇಲ್ಲಿ ಎರಡು ಬಿಳಿ ಗೋಡೆ ಒಂದಕ್ಕೊಂದು ಬೆಳಕು ಕೊಟ್ಕೊಳ್ತವೆ."

ಹಾಗೆಯೇ ಆಯಿತು. ಕಸಬರಿಕೆ ಇಡಲೂ ಆಗದು ಅಂತ ಅಪ್ಪ ಬಿಟ್ಟುಕೊಟ್ಟ ಮೂಲೆ ಇಡೀ ಮನೆಯಲ್ಲೇ ಬೆಳಕಿನ ಜಾಗವಾಯಿತು. ಅತ್ತೆ ಅಲ್ಲಿ ಮಣೆ ಹಾಕಿ ಕೂತಳು. ಬಾಗಿಲನ್ನು ದಿನವಿಡೀ ತೆರೆದೇ ಇಡುತ್ತಿದ್ದಳು, ಗಾಳಿಗಲ್ಲ, ಅಪ್ಪ ಹಾದುಹೋಗುವಾಗ ನೋಡಲಿ ಅಂತ. ಅಪ್ಪ ಆ ಕಡೆ ತಿರುಗುತ್ತಿರಲಿಲ್ಲ.

ಇಬ್ಬರಿಗೂ ಎಣ್ಣೆ ಸೀಗೆಕಾಯಿ. ನಡುವೆ ಓಡಾಡುವ ಕರ್ಮ ನನ್ನದು. ಆಗ ನಾನು ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಮುದ್ರಣಾಲಯ ನಡೆಸುತ್ತಿದ್ದ ಅಪ್ಪ ಆ ಕಸುಬಿನವರ ಸಂಘಕ್ಕೆ ಅಧ್ಯಕ್ಷನಾದ. ಅಧಿಕಾರ ವಹಿಸಿಕೊಳ್ಳುವ ದಿನ ಹಾಕಬೇಕೆಂದಿದ್ದ ಬೂದಿ ಬಣ್ಣದ ಕೋಟಿನ ಎದೆಯ ಮೇಲೆ ನುಸಿ ತಿಂದು ಹುಣಸೆ ಬೀಜದಷ್ಟು ತೂತಾಗಿತ್ತು. ಊರಲ್ಲಿ ರಫೂ ಮಾಡುವವಳು ಒಬ್ಬಳೇ.

"ತಗೊಂಡು ಹೋಗು," ಅಂದ ಅಪ್ಪ. "ಆ ಕತ್ತಲಲ್ಲಿ ಮಾಡೋಕೆ ಆಗುತ್ತಾ ಕೇಳು."

ನಾನು ಆ ಮಾತನ್ನು ನುಂಗಬೇಕಿತ್ತು. ನುಂಗಲಿಲ್ಲ, ಹಾಗೇ ಹೇಳಿದೆ. ಅತ್ತೆ ಕೋಟನ್ನು ತಿರುವಿ ಮುರುವಿ ನೋಡಿ, ಎದ್ದು ಬಾಗಿಲು ಮುಚ್ಚಿದಳು. ಗಾಜಿನ ಹೆಂಚಿನ ಕೆಳಗೆ ಹಳೇ ಸೀರೆ ಕಟ್ಟಿದಳು. ಹಳದಿ ಬಲ್ಬು ಹಾಕಿದಳು. ಬಲ್ಬಿನಲ್ಲಿ ಹೊಂದಿದ ಬಣ್ಣ ಬಿಸಿಲಲ್ಲಿ ಕೈ ಕೊಡುತ್ತದೆ ಅಂತ ನನಗೆ ಕಲಿಸಿದವಳೇ ಅವಳು. ನೂಲನ್ನು ಬಟ್ಟೆಯ ಒಳಹೊಲಿಗೆಯಿಂದಲೇ ಎಳೆದುಕೊಳ್ಳಬೇಕು. ಆ ದಿನ ಮಾತ್ರ ಡಬ್ಬಿಯಿಂದ ಬೇರೆ ನೂಲು ತೆಗೆದಳು. ನಾನು ನೋಡಿದೆ. ಅವಳೂ ನಾನು ನೋಡಿದ್ದನ್ನು ನೋಡಿದಳು. ನಿಜ ಹೇಳಬೇಕೆಂದರೆ ನನಗೂ ಖುಷಿಯಾಗಿತ್ತು.

ಸಂಜೆ ಅಪ್ಪ ದೀಪದ ಕೆಳಗೆ ಹಿಡಿದು ನೋಡಿದ. ತೂತಿನ ಸುಳಿವೇ ಇರಲಿಲ್ಲ. ಮರುದಿನ ಬೆಳಿಗ್ಗೆ ಸಂಘದ ಅಂಗಳದಲ್ಲಿ ಬಿಸಿಲಿಗೆ ನಿಂತದ್ದೇ ತಡ, ಎದೆಯ ಮೇಲೆ ಹಸಿರು ಕಲೆ ಎದ್ದಿತು.

"ಸಾರ್, ಏನೋ ಮೆತ್ಕೊಂಡಿದೆ, ಒರೆಸ್ಕೊಳ್ಳಿ," ಅಂದ ಫೋಟೋದವನು. ಅಪ್ಪ ಒರೆಸಿದ. ಕಾರ್ಯದರ್ಶಿ ಕರವಸ್ತ್ರ ಒದ್ದೆ ಮಾಡಿ ಒರೆಸಿದ. ಹಿಂದಿನ ಅಧ್ಯಕ್ಷ ಉಗುರಿನಿಂದ ಕೆರೆದ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು, ಆಮೇಲೆ ಅಂಗಳವೇ ನಕ್ಕಿತು. ನಾನೂ ನಕ್ಕೆ.

ಆದರೆ ನಮ್ಮಪ್ಪನೂ ಅದೇ ತಾಯಿಯ ಮಗ. ಮೈಕಿನ ಮುಂದೆ ದನಿ ತಗ್ಗಿಸಿ, "ನಗಬೇಡಿ, ಇದು ನನ್ನ ತಂಗಿ ಕೆಲಸ," ಅಂದ. "ಪಾಪ, ಕತ್ತಲ ಕೋಣೆ, ಕಣ್ಣೂ ಹೋಗ್ತಾ ಬಂತು. ಆದ್ರೂ ಅವಳ ಕೈಯಿಂದಲೇ ಆಗ್ಲಿ ಅಂತ ಕೊಟ್ಟೆ." ನಗುತ್ತಿದ್ದವರೆಲ್ಲ ಲೊಚಗುಟ್ಟಿದರು.

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು ಅನ್ನುತ್ತಾರೆ. ವಾರದೊಳಗೆ ಟೈಲರ್ ಮಾಸ್ಟರ್ ಬಂದು ಗಂಟು ವಾಪಸ್ ಒಯ್ದರು. "ಸ್ವಲ್ಪ ದಿನ ಕಣ್ಣಿಗೆ ವಿಶ್ರಾಂತಿ ಕೊಡಿ ಅಕ್ಕ," ಅಂದರು. ಹಿಂದೆಯೇ ಅಪ್ಪ ನನ್ನ ಕೈಲಿ ಹೇಳಿ ಕಳಿಸಿದ: ಜಾಗ ಬರೆದುಕೊಡಲಿ, ಸಾಯುವ ತನಕ ನಾನು ನೋಡಿಕೊಳ್ಳುತ್ತೇನೆ. ಕೆಲಸ ಹೋದರೆ ಅವಳು ಎಷ್ಟು ದಿನ ತಡೆದಾಳು? ಆ ಬಿಳಿ ಪಡಸಾಲೆ ಕೈಬಿಟ್ಟು ಹೋಗುವುದು ಅತ್ತೆಗೂ ನನಗೂ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು.

ಅತ್ತೆ ಎರಡು ದಿನ ಡಬ್ಬಿಯ ನೂಲುಗಳನ್ನು ಬಿಚ್ಚಿ ಸುತ್ತುತ್ತ ಕೂತಳು. ಮೂರನೆಯ ದಿನ ಮಧ್ಯಾಹ್ನ ಟೈಲರ್ ಮಾಸ್ಟರನ್ನು ಅಂಗಡಿಯಿಂದ ಎಬ್ಬಿಸಿಕೊಂಡು ಅಪ್ಪನ ಮುದ್ರಣಾಲಯಕ್ಕೇ ಹೋದಳು. ಯಂತ್ರಗಳು ನಿಂತವು.

"ನನ್ನ ಕಣ್ಣು ಚೆನ್ನಾಗಿದೆ," ಅಂದಳು. "ಹಸಿರು ನೂಲು ಅಂತ ಗೊತ್ತಿದ್ದೇ ಹಾಕಿದೆ. ಇವನು ಹತ್ತು ಜನರ ಮುಂದೆ ನಗೆಪಾಟಲಾಗ್ಲಿ ಅಂತ ಬೇಕಂತಲೇ ಹಾಕಿದೆ. ನನ್ನನ್ನ ಕೆಟ್ಟವಳು ಅನ್ನಿ. ಕುರುಡಿ ಅನ್ಬೇಡಿ."

"ಮಾತಿಗೇನು, ಯಾರು ಬೇಕಾದ್ರೂ ಹೇಳ್ತಾರೆ," ಅಂದ ಅಪ್ಪ.

"ಕೋಟು ತಗೊಂಡು ಬಾ."

ಅಪ್ಪ ಬಂದ. ಪಾಲಾದ ಮೇಲೆ ಮೊದಲ ಸಲ ಆ ಬಾಗಿಲೊಳಗೆ ಕಾಲಿಟ್ಟು, ಕಣ್ಣು ಕಿರಿದು ಮಾಡಿಕೊಂಡು ಕೂತ. ಎದುರಿಗೆ ಮಾಸ್ಟರ್. ಅತ್ತೆ ಗಾಜಿನ ಹೆಂಚಿನ ಕೆಳಗೆ ಹಸಿರು ನೂಲನ್ನು ಒಂದೊಂದಾಗಿ ಕಿತ್ತಳು, ಕೋಟಿನ ಒಳಹೊಲಿಗೆಯಿಂದ ನೂಲೆಳೆದಳು, ನೇಯತೊಡಗಿದಳು. ಮೂರು ಗಂಟೆ ಅವಳ ತಲೆ ಮೇಲೇಳಲಿಲ್ಲ. ಕೆಟ್ಟದಾಗಿ ಮಾಡಿದರೆ ಪಡಸಾಲೆ ಹೋಯಿತು. ಚೆನ್ನಾಗಿ ಮಾಡಿದರೆ ಅಣ್ಣನ ಕೋಟು ಹೊಸದಾಯಿತು. ಅವಳು ಹಲ್ಲು ಕಚ್ಚಿಕೊಂಡು ಚೆನ್ನಾಗಿಯೇ ಮಾಡಿದಳು.

ಮಾಸ್ಟರ್ ಕೋಟನ್ನು ಬೀದಿಯ ಬಿಸಿಲಿಗೆ ಒಯ್ದು, ಕನ್ನಡಕ ಹಾಕಿ, ತೆಗೆದು, ಬೆರಳಾಡಿಸಿ ಹುಡುಕಿದರು. "ತೂತು ಎಡಕ್ಕಿತ್ತೋ ಬಲಕ್ಕಿತ್ತೋ?" ಅಂತ ಅಪ್ಪನನ್ನೇ ಕೇಳಿದರು. ಆಮೇಲೆ ಅತ್ತೆಯ ಕಡೆ ತಿರುಗಿ, "ನಾಳೆ ಗಂಟು ಕಳಿಸ್ತೀನಿ ಅಕ್ಕ. ಆದ್ರೆ ನಿಮಗೆ ಆಗದವರು ಯಾರ್ಯಾರು ಅಂತ ಮೊದಲೇ ಹೇಳ್ಬಿಡಿ, ಅವರ ಬಟ್ಟೆ ಸೇರಿಸಲ್ಲ," ಅಂದರು.

"ಒಬ್ಬನೇ," ಅಂದಳು ಅತ್ತೆ. "ಹೊರಟ ನೋಡಿ."

ಅಪ್ಪ ಜಾಗದ ಮಾತು ಮತ್ತೆ ಎತ್ತಲಿಲ್ಲ. ಕೋಟನ್ನು ಮಾತ್ರ ಎಲ್ಲಿಗೆ ಹೋದರೂ ಹಾಕುತ್ತಾನೆ, ಅವಳ ಬಾಗಿಲ ಮುಂದಿನಿಂದಲೇ ಹಾದುಹೋಗುತ್ತಾನೆ. ಆಗೆಲ್ಲ ಅತ್ತೆಯ ಸೂಜಿ ನಿಲ್ಲುತ್ತದೆ. ತನ್ನ ಜನ್ಮದಲ್ಲೇ ಅಂಥ ರಫೂ ಇನ್ನೊಂದು ಮಾಡಿಲ್ಲ ಅನ್ನುತ್ತಾಳೆ, ಅದು ಅವನ ಎದೆಯ ಮೇಲೇ ಇದೆಯಲ್ಲ ಅಂತ ಮತ್ತೆ ಹೊಟ್ಟೆ ಉರಿದುಕೊಂಡು ಕೂರುತ್ತಾಳೆ.