ಲಾಮನ ಅಂಗಿಯ ಕಪ್ಪು ಗುರುತು

ಎರಡು ಸಾವಿರದ ಏಳನೆಯ ಇಸವಿಯಲ್ಲಿ ನಾನು ಸಿಂಗಪುರದ ಪೂರ್ವ ಭಾಗದ ಒಂದು ಫುಟ್‌ಬಾಲ್ ಕ್ಲಬ್ಬಿನಲ್ಲಿ ಲಾಂಡ್ರಿ ಅಟೆಂಡೆಂಟ್ ಆಗಿದ್ದೆ. ಹೆಸರು ದೊಡ್ಡದು, ಕೆಲಸ ಬಟ್ಟೆ ಒಗೆಯುವುದು. ಆಗ ನನಗೆ ಐವತ್ತೆಂಟು ವರ್ಷ. ನನ್ನ ಗಂಡ ಅದೇ ಮೈದಾನದಲ್ಲಿ ಹುಲ್ಲು ಕತ್ತರಿಸುವ ಮೆಷಿನ್ ಓಡಿಸುತ್ತಿದ್ದ. ಅವನು ಸತ್ತ ಮೇಲೆ ಕ್ಲಬ್ಬಿನವರು ನನ್ನನ್ನು ಒಗೆಯುವ ಕೋಣೆಗೆ ಹಾಕಿದರು. ದಯೆಯಿಂದ ಹಾಕಿದರು ಎಂದು ಎಲ್ಲರೂ ಹೇಳುತ್ತಿದ್ದರು. ದಯೆಯೇನೂ ಇಲ್ಲ. ನಾವು ಮಂಡ್ಯ ಕಡೆಯ ಮಡಿವಾಳರು. ಬಟ್ಟೆಯ ಕೆಲಸ ನನ್ನಷ್ಟು ಬಲ್ಲವರು ಆ ಕ್ಲಬ್ಬಿನಲ್ಲಿ ಬೇರೆ ಯಾರೂ ಇರಲಿಲ್ಲ.

ಆಗ ಊರೆಲ್ಲ ಕ್ರೇನು. ಹಳೆಯದನ್ನು ಕೆಡವಿ ಕಾಂಡೋ ಎನ್ನುವ ಎತ್ತರದ ಮನೆಗಳನ್ನು ಎಬ್ಬಿಸುತ್ತಿದ್ದರು, ಅದರ ಧೂಳು ನಾನು ಒಣಹಾಕಿದ ಟವೆಲುಗಳ ಮೇಲೆ ಕೂರುತ್ತಿತ್ತು. ಜನರ ಕೈಯಲ್ಲಿ ದುಡ್ಡು ಓಡಾಡುತ್ತಿದ್ದ ಕಾಲ. ಫುಟ್‌ಬಾಲ್ ಕ್ಲಬ್ಬುಗಳಿಗೂ ಹೊರದೇಶದಿಂದ ಆಟಗಾರರನ್ನು ತರಿಸುವ ಹುಚ್ಚು ಹಿಡಿದಿತ್ತು.

ನನ್ನ ಕೆಲಸದ ರೀತಿಯನ್ನು ಮೊದಲು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮಲ್ಲಿ ಇಪ್ಪತ್ತನಾಲ್ಕು ಮಂದಿ ಆಟಗಾರರಿದ್ದರು. ಮ್ಯಾಚಿಗೆ ಹಾಕುವ ಜೆರ್ಸಿಗೆ ನಂಬರ್ ಇರುತ್ತದೆ. ಆದರೆ ದಿನವೂ ಪ್ರಾಕ್ಟೀಸಿಗೆ ಹಾಕುವ ಅಂಗಿ, ಚಡ್ಡಿ, ಸಾಕ್ಸ್, ಟವೆಲಿಗೆ ಏನೂ ಇರುವುದಿಲ್ಲ. ಪೆನ್ನಿನಲ್ಲಿ ಹೆಸರು ಬರೆದರೆ ಬಿಸಿನೀರಿನಲ್ಲಿ ನಾಲ್ಕು ಒಗೆತಕ್ಕೆ ಹೋಗುತ್ತದೆ. ಹೋಗದಿದ್ದರೂ ಇಂಗ್ಲಿಷ್ ಅಕ್ಷರ ನನಗೆ ಬರುವುದಿಲ್ಲ, ಕನ್ನಡವೂ ಎರಡನೇ ಕ್ಲಾಸಿನದು. ನಮ್ಮಪ್ಪ ಒಂದೊಂದು ಮನೆಯ ಬಟ್ಟೆಗೆ ಒಂದೊಂದು ಗುರುತು ಹಾಕುತ್ತಿದ್ದ, ಊರಿನ ಒಂದು ಸೀರೆಯೂ ತಪ್ಪಿ ಬೇರೆ ಮನೆಗೆ ಹೋಗುತ್ತಿರಲಿಲ್ಲ. ನಾನೂ ಅದನ್ನೇ ಮಾಡಿದೆ. ಒಬ್ಬೊಬ್ಬನಿಗೆ ಒಂದೊಂದು ಬಣ್ಣ. ಸಾಕ್ಸಿಗೆ ಮೂರು ಹೊಲಿಗೆ ದಾರ, ಅಂಗಿಗೆ ಉಗುರಗಲದ ಬಟ್ಟೆಯ ತುಂಡು. ಅಂಗಿ ಮಡಿಸಿಟ್ಟಾಗ ಮೇಲೆ ಕಾಣಬೇಕಲ್ಲ, ಹಾಗಾಗಿ ಆ ತುಂಡನ್ನು ಎಡ ಎದೆಯ ಮೇಲೆ ಹೊಲಿಯುತ್ತಿದ್ದೆ. ಆರು ವರ್ಷದಲ್ಲಿ ಒಂದು ಸಾಕ್ಸ್ ಕೂಡ ಅದಲುಬದಲಾಗಿರಲಿಲ್ಲ.

ಅರ್ಧ ಸೀಸನ್ ಕಳೆದ ಮೇಲೆ ವಿಯೆಟ್ನಾಮಿನಿಂದ ಲಾಮ್ ಬಂದ. ಇಪ್ಪತ್ತೇಳು ವರ್ಷ, ಗಿಡ್ಡ, ಎಡಗಾಲಿನ ಆಟಗಾರ. ಮೈದಾನದ ಎಡ ಅಂಚಿನಲ್ಲಿ ಓಡುವವನು, ಅದಕ್ಕೆ ವಿಂಗರ್ ಅನ್ನುತ್ತಾರೆ. ಸೀಸನ್ ಮುಗಿಯುವವರೆಗೆ ಮಾತ್ರ ಕರಾರು. ಚೆನ್ನಾಗಿ ಆಡಿದರೆ ಇನ್ನೆರಡು ವರ್ಷಕ್ಕೆ ಮುಂದುವರಿಸುತ್ತೇವೆ ಎಂದಿದ್ದರು. ಅವನು ಬರುವ ಹೊತ್ತಿಗೆ ನನ್ನ ದಾರದ ಡಬ್ಬಿಯಲ್ಲಿ ಉಳಿದಿದ್ದ ಬಣ್ಣ ಕಪ್ಪು ಒಂದೇ. ನಮ್ಮ ಕಡೆ ಕಪ್ಪು ದಾರ ದೃಷ್ಟಿಗೆ ಕಟ್ಟುವಂಥದ್ದು, ಮಕ್ಕಳ ಕಾಲಿಗೂ ಕಟ್ಟುತ್ತೇವೆ. ಕೆಟ್ಟದ್ದೇನಲ್ಲ ಅಂದುಕೊಂಡು ಅವನ ಆರು ಅಂಗಿಗೂ ಕಪ್ಪು ತುಂಡು ಹೊಲಿದು ಕಪಾಟಿನಲ್ಲಿಟ್ಟೆ.

ಮಾರನೆಯ ಬೆಳಿಗ್ಗೆ ಅವನು ಆರೂ ಅಂಗಿಗಳನ್ನು ಹೊತ್ತು ನನ್ನ ಕೋಣೆಗೆ ನುಗ್ಗಿ ನೆಲಕ್ಕೆ ಬಿಸಾಡಿದ. ಮುಖವೆಲ್ಲ ಕೆಂಪು. "ಮೈ ಮದರ್ ನಾಟ್ ಡೆಡ್! ಮೈ ಮದರ್ ನಾಟ್ ಡೆಡ್!" ಎಂದು ಕೂಗಿದ. ಅವನ ಇಂಗ್ಲಿಷ್ ನನ್ನದಕ್ಕಿಂತಲೂ ಕಡೆ. ಮೆಷಿನ್ನಿನ ಸದ್ದಿನಲ್ಲಿ ನನ್ನ ಕಿವಿಗೆ ಬಿದ್ದದ್ದು ಮದರ್ ಮತ್ತು ಡೆಡ್ ಎರಡೇ. ಪಾಪ, ತಾಯಿ ಸತ್ತ ಸುದ್ದಿ ಬಂದಿರಬೇಕು ಅಂದುಕೊಂಡು ಕೈಮುಗಿದು "ಅಯ್ಯೋ ದೇವರೇ" ಅಂದೆ. ಅವನು ಮೇಜಿನ ಮೇಲಿದ್ದ ನನ್ನ ಕತ್ತರಿ ಎತ್ತಿಕೊಂಡು ನನ್ನ ಕಣ್ಣೆದುರಿಗೇ ಒಂದೊಂದು ತುಂಡನ್ನೂ ಕಿತ್ತ. ಎರಡು ಅಂಗಿ ಹರಿದವು.

ಗಲಾಟೆ ಕೇಳಿ ಕಿರಣ್ ಓಡಿಬಂದ. ಅವನು ಕ್ಲಬ್ಬಿನ ಫಿಸಿಯೋ, ಆಟಗಾರರ ಮೂಳೆ, ಸ್ನಾಯು ನೋಡಿಕೊಳ್ಳುವವನು. ಮೈಸೂರಿನ ಹುಡುಗ, ಸೆರಂಗೂನಿನಲ್ಲಿ ಮನೆ. ಕ್ಲಬ್ಬಿನಲ್ಲಿ ನನ್ನ ಜೊತೆ ಕನ್ನಡ ಆಡುತ್ತಿದ್ದವನು ಅವನೊಬ್ಬನೇ. ಲಾಮನನ್ನು ಹೊರಗೆ ಕರೆದುಕೊಂಡು ಹೋಗಿ ಮಾತಾಡಿಸಿ ವಾಪಸ್ ಬಂದ.

"ಆಂಟಿ, ಅವರ ದೇಶದಲ್ಲಿ ಅಪ್ಪ ಅಮ್ಮ ತೀರಿಕೊಂಡ್ರೆ ಶರ್ಟ್ ಮೇಲೆ, ಇಲ್ಲಿ, ಕರೆಕ್ಟಾಗಿ ಇಲ್ಲೇ, ಚಿಕ್ಕ ಕಪ್ಪು ಬಟ್ಟೆ ಪಿನ್ ಮಾಡ್ಕೋತಾರಂತೆ. ಅವನ ಅಮ್ಮ ಬೇರೆ ಹಾಸ್ಪಿಟಲ್‌ನಲ್ಲಿದ್ದಾರೆ. ಬೇಕು ಅಂತಲೇ ಮಾಡಿದೀರಾ ಅಂದ್ಕೊಂಡಿದಾನೆ."

"ಅವಳು ಎಲ್ಲವ್ಳೆ ಅಂತ ನಂಗೇನ್ ಗೊತ್ತು? ಬಾಯ್ಬಿಟ್ ಹೇಳದಲ್ವಾ? ಕತ್ತರಿ ಯಾಕ್ ಮುಟ್ದ?"

"ಬೇರೆ ಕಲರ್‌ಗೆ ಚೇಂಜ್ ಮಾಡಿಬಿಡಿ ಆಂಟಿ, ಪ್ಲೀಸ್."

"ಮೊದ್ಲು ಬಂದು ತಪ್ಪಾಯ್ತು ಅನ್ಲಿ."

ಅವನು ಅನ್ನಲಿಲ್ಲ, ನಾನು ಬದಲಾಯಿಸಲಿಲ್ಲ. ಗುರುತಿಲ್ಲದ ಬಟ್ಟೆಯನ್ನು ನಾನು ಮೆಷಿನ್ನಿಗೆ ಹಾಕುವುದಿಲ್ಲ, ಅದು ನನ್ನ ನಿಯಮ. ಅವನು ತನ್ನ ಬಟ್ಟೆಯನ್ನು ಸ್ನಾನದ ಕೋಣೆಯಲ್ಲಿ ತಾನೇ ಒಗೆದು ಹಿಂದಿನ ಬೇಲಿಯ ಮೇಲೆ ಒಣಹಾಕತೊಡಗಿದ.

ಸುದ್ದಿ ಹಬ್ಬಲು ಎಷ್ಟು ಹೊತ್ತು? ಹೊರಗಿನವರು ಬಂದು ತಮ್ಮ ಜಾಗ ಕಿತ್ತುಕೊಂಡರೆಂದು ಇಲ್ಲಿನ ಆಟಗಾರರಿಗೆ ಮೊದಲೇ ಉರಿಯಿತ್ತು. ನಮ್ಮ ಗೋಲ್‌ಕೀಪರ್, ಉದ್ದನೆಯ ಆಸಾಮಿ, ಕಪ್ಪು ಟೇಪಿನ ತುಂಡನ್ನು ಲಾಮನ ಲಾಕರಿಗೆ ಅಂಟಿಸಿ "ಹೇ ಲಾಮ್, ಹೌ ಇಸ್ ಮಮ್ಮಿ?" ಎಂದು ಕೇಳಿದ. ಎಲ್ಲರೂ ನಕ್ಕರು. ಟವೆಲ್ ಹಂಚುತ್ತ ನಾನು ಅಲ್ಲೇ ನಿಂತಿದ್ದೆ. ಆ ಹೊತ್ತಿಗೆ ನನಗೂ ಸ್ವಲ್ಪ ಹಿತವಾಗಿತ್ತು, ಸುಳ್ಳು ಯಾಕೆ ಹೇಳಲಿ.

ಹಿತ ಮನೆಗೆ ಹೋಗುವವರೆಗೂ ಉಳಿಯಲಿಲ್ಲ. ಬಸ್ಸಿನಲ್ಲಿ ಕೂತಾಗ ಆಸ್ಪತ್ರೆಯಲ್ಲಿದ್ದ ಆ ಹೆಂಗಸು ನೆನಪಾದಳು. ಮಗ ಏನೇ ಆಗಿರಲಿ, ಅವಳು ನನಗೇನು ಮಾಡಿದ್ದಳು? ಮರುದಿನ ಬೇಲಿಯ ಮೇಲಿದ್ದ ಅವನ ಬಟ್ಟೆ ತಂದು, ಆ ವಾರವಷ್ಟೇ ಕ್ಲಬ್ ಬಿಟ್ಟುಹೋದ ಒಬ್ಬನ ಹಳದಿ ಬಣ್ಣವನ್ನು ಇವನಿಗೆ ಹೊಲಿದೆ. ಅವರಲ್ಲಿ ಹಳದಿ ಒಳ್ಳೆಯದೇ ಎಂದು ಕಿರಣನಿಂದ ಕೇಳಿಸಿ ತಿಳಿದುಕೊಂಡೇ ಹೊಲಿದದ್ದು. ತಪ್ಪಾಯ್ತು ಅನ್ನಲು ನನಗೂ ಬರುವುದಿಲ್ಲ. ಹಳದಿ ತುಂಡೇ ನನ್ನ ತಪ್ಪೊಪ್ಪಿಗೆ ಅಂದುಕೊಂಡೆ.

ಸಂಜೆ ನೋಡಿದರೆ ಹಳದಿಯನ್ನೂ ಕಿತ್ತು ನನ್ನ ಬಾಗಿಲ ಮುಂದೆ ಚೆಲ್ಲಿದ್ದ. ಬಟ್ಟೆ ಮತ್ತೆ ಬೇಲಿಯ ಮೇಲೆ.

"ಬಿಡಿ ಆಂಟಿ, ತಲೆ ಕೆಟ್ಟಿದೆ ಅವನಿಗೆ," ಅಂದ ಕಿರಣ್. ನಾನೂ ಬಿಟ್ಟೆ. ಆದರೆ ಕೈ ಕೆಲಸ ಮಾಡುವಾಗ ತಲೆ ಖಾಲಿ ಇರುತ್ತದೆ, ಅದೇ ಮತ್ತೆ ಮತ್ತೆ ಬರುತ್ತಿತ್ತು. ಕಪ್ಪು ಕಂಡು ಕೋಪ ಬಂದದ್ದು ಸರಿ. ಹಳದಿ ಕಂಡರೆ ಯಾಕೆ ಬರಬೇಕು? ಇವನಿಗೆ ಬಣ್ಣದ ಚಿಂತೆಯಲ್ಲ, ತನ್ನ ಬಟ್ಟೆ ನನ್ನ ಕೈಗೆ ಬರಬಾರದು, ಅಷ್ಟೇ. ಯಾಕೆ ಬರಬಾರದು?

ಒಗೆಯುವವಳಿಗೆ ಎಲ್ಲ ಗೊತ್ತಾಗುತ್ತದೆ. ಯಾರು ಕದ್ದು ಸಿಗರೇಟು ಸೇದಿದ, ಯಾರಿಗೆ ಹೊಟ್ಟೆ ಕೆಟ್ಟಿದೆ, ಯಾರು ಓಡಿದೆನೆಂದು ಹೇಳಿ ನೆರಳಲ್ಲಿ ಕೂತಿದ್ದ, ಎಲ್ಲವನ್ನೂ ಬಟ್ಟೆ ಹೇಳುತ್ತದೆ. ಮೂರು ವಾರ ಕಳೆದ ಮೇಲೆ, ಎಲ್ಲರೂ ಮೈದಾನದಲ್ಲಿದ್ದಾಗ, ನಾನು ಬೇಲಿಯ ಹತ್ತಿರ ಹೋಗಿ ಅವನ ಸಾಕ್ಸುಗಳನ್ನು ಒಳಮಗ್ಗುಲು ಹೊರಗೆ ಮಾಡಿ ನೋಡಿದೆ. ಎಡಗಾಲಿನ ಆಟಗಾರನ ಸಾಕ್ಸಿನಲ್ಲಿ ಮೊದಲು ಸವೆಯುವುದು ಎಡಗಾಲಿನದು. ಇವನದರಲ್ಲಿ ಎಡದ್ದು ಹೊಸದರಂತಿತ್ತು. ಬಲದ್ದು ಹಿಮ್ಮಡಿಯಲ್ಲಿ ಜಾಲರಿಯಾಗಿತ್ತು. ಎಡದ್ದರ ಹೊರ ಅಂಚು, ಕಿರುಬೆರಳಿಂದ ಹಿಂದಕ್ಕೆ, ದಪ್ಪ ಪಟ್ಟಿ ಸುತ್ತಿ ಹಾಕಿದಂತೆ ಹಿಗ್ಗಿತ್ತು. ಒಳಗೆ ಕಂದು ಕಲೆ. ಮೂಸಿದೆ, ಮುಲಾಮಿನ ವಾಸನೆ. ಕೈಯಲ್ಲಿ ಒಗೆದರೆ ಮುಲಾಮಿನ ಜಿಡ್ಡು ಹೋಗುವುದಿಲ್ಲ.

ಪ್ರಾಕ್ಟೀಸ್ ಮುಗಿಸಿ ಬಂದವನ ಮುಂದೆ ಆ ಸಾಕ್ಸ್ ಹಿಡಿದು, ನನ್ನ ಎಡ ಪಾದದ ಅಂಚನ್ನು ತೋರಿಸಿ "ಪೇನ್?" ಎಂದು ಕೇಳಿದೆ. ಅವನು ಸಾಕ್ಸ್ ಕಸಿದುಕೊಂಡು ಬೆರಳು ಎತ್ತಿದ.

"ಯು ನೋ ಟಾಕ್! ಯು ಟಾಕ್, ಐ ಟೆಲ್ ಆಫೀಸ್. ಯು ಡೂ ಬ್ಲ್ಯಾಕ್ ಮ್ಯಾಜಿಕ್. ಎವ್ರಿಬಡಿ ಸೀ!"

ಎಲ್ಲರೂ ನೋಡಿದ್ದು ನಿಜ. ಕಪ್ಪು ತುಂಡು ಹೊಲಿದದ್ದು ನಾನೇ. ಅವನು ಕುಂಟದೆ ಹೊರಗೆ ನಡೆದ. ಕುಂಟದೆ ನಡೆಯಲು ಎಷ್ಟು ಹಲ್ಲು ಕಚ್ಚಿದ್ದನೋ.

ನಾನು ನೆಟ್ಟಗೆ ಕಿರಣನ ಕೋಣೆಗೆ ಹೋಗಿ ಕಂಡದ್ದನ್ನು ಹೇಳಿದೆ. ಅವನು ತಲೆ ಹಿಡಿದುಕೊಂಡ.

"ಆಂಟಿ, ಸ್ಯಾಟರ್ಡೇ ಮ್ಯಾಚ್ ನೋಡಿ ಅವನ ಕಾಂಟ್ರಾಕ್ಟ್ ಡಿಸೈಡ್ ಮಾಡ್ತಾರೆ. ಈಗ ನಾನು ಸ್ಕ್ಯಾನ್ ಅಂದ್ರೆ ಅವನ ಕೆರಿಯರ್ ಮುಗೀತು. ಊರಲ್ಲಿ ಹಳೇ ಕ್ಲಬ್ ಅವನನ್ನ ಬಿಟ್ಟಾಗಿದೆ. ಗಾಯ ಮಾಡ್ಕೊಂಡು ವಾಪಸ್ ಹೋದ್ರೆ ಯಾರು ತಗೋತಾರೆ? ಎರಡೇ ದಿನ. ಮ್ಯಾಚ್ ಆಗಿ ಸೈನ್ ಆದ್ಮೇಲೆ ನೋಡೋಣ."

"ಎರಡ್ ದಿನದಲ್ಲಿ ಆ ಕಾಲು ಕೈ ಕೊಟ್ರೆ?"

"ನೀವು ಡಾಕ್ಟರಾ ಆಂಟಿ?"

"ಅಲ್ಲ ಕಣಪ್ಪ. ನೀನು ಹೌದಲ್ಲ, ನೀ ನೋಡು. ನೀ ನೋಡ್ದೇ ಇದ್ರೆ ನಾನೇ ಕೋಚ್ ಹತ್ರ ಹೋಯ್ತೀನಿ. ನನ್ ಇಂಗ್ಲಿಷಲ್ಲಿ ಅವನಿಗೇನ್ ಅರ್ಥ ಆಯ್ತದೋ ಆಗ್ಲಿ."

"ನಿಮಗೆ ಅವನ ಮೇಲೆ ಕೋಪಾನಾ, ಕಾಳಜೀನಾ?" ಎಂದು ಕಿರಣ್ ಕೇಳಿದ.

ಕೋಪ ಇರಲಿಲ್ಲ ಅಂದರೆ ಸುಳ್ಳು. ಹರಿದ ಎರಡು ಅಂಗಿ ಇನ್ನೂ ನನ್ನ ಕಪಾಟಿನಲ್ಲಿದ್ದವು.

ಶುಕ್ರವಾರ ಬೆಳಿಗ್ಗೆ ಕಿರಣ್ ಲಾಮನನ್ನು ಮೇಜಿನ ಮೇಲೆ ಮಲಗಿಸಿ ಎಡ ಪಾದದ ಹೊರ ಅಂಚನ್ನು ಹೆಬ್ಬೆರಳಿನಲ್ಲಿ ಒತ್ತಿದ. ಲಾಮ್ ನೋವಿಲ್ಲ, ನೋವಿಲ್ಲ ಎಂದು ತಲೆ ಆಡಿಸಿದ. ಆದರೆ ಅವನು ಎದ್ದ ಮೇಲೆ ನಾನು ಹಾಸಿದ್ದ ಟವೆಲ್ ತೆಗೆದರೆ, ಎರಡೂ ಅಂಚಿನಲ್ಲಿ ಮುಷ್ಟಿಯ ಗುರುತು, ಬೆವರಿನಲ್ಲಿ ಒದ್ದೆ. ಆ ಟವೆಲನ್ನು ಕಿರಣನಿಗೆ ತೋರಿಸಿದೆ. ಅವನು ಕಾರಿನ ಕೀ ತೆಗೆದುಕೊಂಡು ಲಾಮನನ್ನು ಸ್ಕ್ಯಾನಿಗೆ ಕರೆದೊಯ್ದ.

ಕಿರುಬೆರಳಿನ ಹಿಂದಿನ ಮೂಳೆಯಲ್ಲಿ ಸ್ಟ್ರೆಸ್ ಫ್ರಾಕ್ಚರ್. ಬಿದ್ದು ಮುರಿದದ್ದಲ್ಲ, ಓಡಿ ಓಡಿ ಮೂಳೆಯಲ್ಲಿ ಬೀಳುವ ಸೀಳು. ಮುಕ್ಕಾಲು ಮೂಳೆ ದಾಟಿತ್ತಂತೆ. ಒಂದು ಮ್ಯಾಚು ಆಡಿದ್ದರೂ ಎರಡು ತುಂಡಾಗುತ್ತಿತ್ತು, ಆ ಜಾಗಕ್ಕೆ ರಕ್ತ ಹರಿಯುವುದು ಕಡಿಮೆ, ಕೂಡಿಕೊಳ್ಳುವುದು ಕಷ್ಟ ಎಂದು ಕಿರಣ್ ವಿವರಿಸಿದ. ಕಾಲಿಗೆ ಪ್ಲಾಸ್ಟರ್ ಹಾಕಿದರು. ಸೋಮವಾರ ಆಫೀಸಿನವರು ಕರಾರು ಮುಂದುವರಿಸುವುದಿಲ್ಲ ಎಂದು ಕಾಗದ ಕೊಟ್ಟರು.

ಶನಿವಾರದ ಮ್ಯಾಚು ಸೋತಿದ್ದೆವು. ಲಾಕರಿಗೆ ಟೇಪ್ ಅಂಟಿಸಿದ್ದ ಗೋಲ್‌ಕೀಪರೇ ಈಗ ನನ್ನನ್ನು ಕಂಡರೆ ಮುಖ ತಿರುಗಿಸಿದ. ಚಾಡಿ ಹೇಳುವ ಮುದುಕಿ ಅಂದರು. ಕೋಚ್ ಒಂದು ತಿಂಗಳು ನನಗೆ ಗುಡ್ ಮಾರ್ನಿಂಗ್ ಹೇಳಲಿಲ್ಲ. ನನಗೇನೂ ಕಡಿಮೆಯಾಗಲಿಲ್ಲ, ಬಟ್ಟೆ ಅಷ್ಟೇ ಬರುತ್ತಿತ್ತು.

ಹೊರಡುವ ದಿನ ಲಾಮ್ ಊರುಗೋಲು ಊರಿಕೊಂಡು ನನ್ನ ಕೋಣೆಗೆ ಬಂದ. ಏನಾದರೂ ಅನ್ನುತ್ತಾನೆಂದು ಎದ್ದು ನಿಂತೆ. ಕ್ಲಬ್ಬಿನ ಉಳಿದ ನಾಲ್ಕು ಅಂಗಿಗಳನ್ನು ನನ್ನ ಕಡೆ ಎಸೆದ. ತನ್ನ ಭಾಷೆಯಲ್ಲಿ ಉದ್ದಕ್ಕೆ ಬೈದ. ಒಂದು ಮಾತೂ ತಿಳಿಯಲಿಲ್ಲ, ಎಲ್ಲವೂ ಅರ್ಥವಾಯಿತು. ನಾನೂ ಕನ್ನಡದಲ್ಲಿ ಅಷ್ಟೇ ಉದ್ದಕ್ಕೆ ಬೈದೆ. ಅವನು ಗೋಡೆಗೆ ಆತುಕೊಂಡು ನಿಂತ. ಇಲ್ಲಿಂದ ಹೋದರೆ ಇನ್ನೆಲ್ಲಿಗೆ ಎಂಬ ದಿಗಿಲು ಆ ಮುಖದ ಮೇಲೆ ಬರೆದಂತಿತ್ತು. ಅದನ್ನು ನೋಡಿದೆ, ನೋಡಲಿಲ್ಲ ಅನ್ನುವುದಿಲ್ಲ. ಆಮೇಲೆ ಅವನು ಹೊರಟುಹೋದ.

ಅಂದಿನಿಂದ ಹೊಸಬರು ಬಂದರೆ ದಾರದ ಡಬ್ಬಿ ಅವರ ಮುಂದಿಟ್ಟು, ಯಾವ ಬಣ್ಣ ಬೇಡ ಎಂದು ಮೊದಲು ಕೇಳುತ್ತಿದ್ದೆ. ಆ ಬುದ್ಧಿ ನನಗೆ ಮುಂಚೆಯೇ ಇರಬೇಕಿತ್ತು. ಇದ್ದಿದ್ದರೆ ಅವನ ಬಟ್ಟೆ ಮೊದಲ ವಾರದಿಂದಲೇ ನನ್ನ ಕೈಗೆ ಬರುತ್ತಿತ್ತು, ಸೀಳು ಕೂದಲೆಳೆಯಷ್ಟಿದ್ದಾಗಲೇ ಗೊತ್ತಾಗುತ್ತಿತ್ತು, ಪ್ರಾಯಶಃ ಅವನು ಇಲ್ಲೇ ಉಳಿಯುತ್ತಿದ್ದ. ಕಾಲು ಉಳಿಸಿದೆ ಎಂದು ಜಂಬ ಕೊಚ್ಚುವ ಹಾಗಿಲ್ಲ. ಅಷ್ಟು ದಿನ ಕೆಡಲು ಬಿಟ್ಟವಳೂ ನಾನೇ.

ನಾಲ್ಕು ವರ್ಷದ ಮೇಲೆ ಕಿರಣ್ ಬೇರೆ ಕ್ಲಬ್ಬಿನ ಜೊತೆ ವಿಯೆಟ್ನಾಮಿಗೆ ಮ್ಯಾಚಿಗೆ ಹೋಗಿದ್ದ. ತಿರುಗಿ ಬಂದವನು ಬೆಡೋಕಿನ ನನ್ನ ಮನೆಗೆ ಬಂದು ಕಾಫಿ ಕುಡಿಯುತ್ತ, ಅಲ್ಲಿ ಲಾಮ್ ಸಿಕ್ಕಿದ್ದ ಅಂದ. ಒಂದು ವರ್ಷ ಯಾವ ಕ್ಲಬ್ಬೂ ತೆಗೆದುಕೊಂಡಿರಲಿಲ್ಲವಂತೆ. ಈಗ ಒಂದು ಸಣ್ಣ ಪಟ್ಟಣದ ತಂಡದಲ್ಲಿದ್ದಾನಂತೆ.

"ನನ್ನ ಕೇಳಿದ್ನಾ?"

ಕಿರಣ್ ಲೋಟ ಕೆಳಗಿಟ್ಟ. "ಕೇಳ್ದ ಆಂಟಿ."

"ಏನಂತ? ಹೇಳು, ನಾನೇನ್ ಅಳಕ್ಕಿಲ್ಲ."

"ಆ ಮುದುಕಿ ಇನ್ನೂ ಸತ್ತಿಲ್ವಾ ಅಂದ."

ನನಗೆ ನಗು ಬಂತು. "ಯಾವ ಕಾಲಲ್ಲಿ ಆಡ್ತಿದ್ದ?"

"ಎಡಗಾಲಲ್ಲೇ. ನಮ್ಮ ಮೇಲೇ ಒಂದು ಗೋಲ್ ಹೊಡೆದ."

ಊರಲ್ಲೂ ಇಲ್ಲೂ ಸೇರಿ ಮೂವತ್ತು ವರ್ಷ ಬೇರೆಯವರ ಬಟ್ಟೆ ಒಗೆದು ನಾನು ಕಲಿತದ್ದು ಇಷ್ಟು. ಕಂಡದ್ದನ್ನು ಹೇಳಬೇಕು, ಬೇಗ ಹೇಳಬೇಕು, ಕೋಪವಿದ್ದರೆ ಕೋಪದ ಜೊತೆಗೇ ಹೇಳಬೇಕು. ಹೇಳಿದ್ದಕ್ಕೆ ಯಾರಾದರೂ ಕೈಮುಗಿಯುತ್ತಾರೆಂದು ಕಾಯುವವರಿಗೆ ಈ ಕೆಲಸ ಹೇಳಿಸಿದ್ದಲ್ಲ. ಅವನು ಓಡುತ್ತಿದ್ದಾನೆ, ನನ್ನನ್ನು ಬೈದುಕೊಂಡೇ ಓಡಲಿ.