ಕ್ಯಾಸೆಟ್ ಉಗುಳಿದ ಡೆಕ್

ಹೊಸೂರಿನ ನನ್ನ ಸ್ಟುಡಿಯೋದಲ್ಲಿ ಹಳೇ ವಿಡಿಯೋ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸುವ ಡೆಕ್ ಒಂದಿದೆ. ಅದಕ್ಕೆ ಭಾರಿ ಮಡಿ. ತನಗೆ ಒಗ್ಗದ ಬಗೆಯ ಕ್ಯಾಸೆಟ್ ಹಾಕಿದರೆ ಓಡಿಸಿಯೂ ನೋಡದೆ ಉಗುಳಿಬಿಡುತ್ತದೆ.

ಹತ್ತಿರದ ತಳಿ ಎಂಬ ಊರಿನಿಂದ ಬಂದಿದ್ದ ಗೌರಮ್ಮನ ಮದುವೆ ಕ್ಯಾಸೆಟ್ಟು ಒಗ್ಗುವ ಬಗೆಯದೇ. ಆದರೂ ಮೂರು ಸಲ ಉಗುಳಿತು. ನನ್ನದೊಂದು ಕ್ಯಾಸೆಟ್ ಹಾಕಿ ನೋಡಿದೆ, ಸಲೀಸಾಗಿ ಓಡಿತು.

"ನಮ್ಮಪ್ಪ ನಡೆದಾಡೋದು ಇದೊಂದ್ರಾಗೇ ಇರೋದು ಕಣಣ್ಣ," ಅಂದರು ಆಕೆ.

ಕ್ಯಾಸೆಟ್ ತಿರುವಿ ಟಾರ್ಚ್ ಬಿಟ್ಟೆ. ಅಡಿಯಲ್ಲಿ ಸಣ್ಣ ತೂತಿರುತ್ತದೆ. ಡೆಕ್ಕಿನೊಳಗಿನ ಕಡ್ಡಿ ಅದರೊಳಗೆ ಹೊಕ್ಕರೆ ಮಾತ್ರ ಅದಕ್ಕೆ ಕ್ಯಾಸೆಟ್ ಯಾವ ಬಗೆಯದೆಂದು ಗೊತ್ತಾಗುವುದು. ಆ ತೂತು ಕೆಂಪಗೆ, ಕಲ್ಲಿನಂತೆ ಮುಚ್ಚಿಹೋಗಿತ್ತು.

"ಇದೇನಮ್ಮ ಕೆಂಪಗೆ?"

"ವರ್ಸಾ ವರ್ಸಾ ಆಯುಧಪೂಜೆಗೆ ಬೊಟ್ಟಿಕ್ತೀನಲ್ಲ. ಅಪ್ಪ ಅವ್ರೆ ಒಳಗೆ. ಮ್ಯಾಲೆಲ್ಲಾ ಚೀಟಿ ಅಂಟ್ಸವ್ರೆ, ಅದ್ಕೇ ಅಡೀಗೆ ಇಕ್ತೀನಿ."

ಕಾರಣ ಸಿಕ್ಕಿತೆಂದು ನನಗೆ ಕುಣಿದುಬಿಡುವಷ್ಟು ಖುಷಿ. ಸೂಜಿಯಿಂದ ಕೆರೆದೆ, ತಟ್ಟಿದೆ, ವರ್ಷಗಟ್ಟಲೆಯ ಕುಂಕುಮ ಉದುರಿತು. ಮತ್ತೆ ಹಾಕಿದೆ. ಡೆಕ್ ಒಳಗೆಳೆದುಕೊಂಡಿತು, ಗುರ್ ಎಂದಿತು, ಉಗುಳಲಿಲ್ಲ. ಪರದೆಯ ಮೇಲೆ ಹಿರಿಯರೊಬ್ಬರು ಪಂಚೆ ಎತ್ತಿ ಕಟ್ಟಿ, ಬಾಳೆಎಲೆ ಹಿಡಿದು, ಯಾರನ್ನೋ ಬೈಯುತ್ತಾ ಓಡಾಡುತ್ತಿದ್ದರು.

"ನೋಡಣ್ಣ, ಬೈಯೋದು ಹಂಗೇ ಐತೆ," ಎಂದು ಗೌರಮ್ಮ ನಗುತ್ತಲೇ ಕಣ್ಣೊರೆಸಿಕೊಂಡರು.

ಆಮೇಲೆ ಚೀಲದಿಂದ ಕುಂಕುಮದ ಪೊಟ್ಟಣ ತೆಗೆದರು. ಡೆಕ್ಕಿಗೂ ಒಂದು ಬೊಟ್ಟು ಇಡಬೇಕಂತೆ. ಬೇಡ ಅನ್ನಲು ಮನಸ್ಸಾಗಲಿಲ್ಲ. ಡೆಕ್ಕಿನ ನೆತ್ತಿ ತೋರಿಸಿದೆ; ಕ್ಯಾಸೆಟ್ ನುಂಗುವ ಬಾಯಿಗೆ ಮಾತ್ರ ಅಂಗೈ ಅಡ್ಡ ಹಿಡಿದುಕೊಂಡೆ.