ಕುಂಡದಲ್ಲಿ ಇಲ್ಲದ್ದು

ಟೈಲರಮ್ಮನಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂಬುದು ಬೀದಿಗೆಲ್ಲ ಗೊತ್ತಿತ್ತು. "ಈ ಬಣ್ಣ ನಿಮಗೆ ಒಪ್ಪಲ್ಲ, ಬಟ್ಟೆ ವಾಪಸ್ ಕೊಟ್ಟು ಬನ್ನಿ" ಎಂದು ಗಿರಾಕಿಗಳ ಮುಖಕ್ಕೇ ಹೇಳುವ ಹೆಂಗಸು. ಹೀಗಾದರೆ ವ್ಯಾಪಾರ ಉದ್ಧಾರ ಆದ ಹಾಗೇ! ಆದರೂ ಜನ ಬರುತ್ತಿದ್ದರು. ಅವಳು ಹಾಕಿದ ಹೊಲಿಗೆ ಬಿಚ್ಚಿಕೊಳ್ಳುತ್ತಿರಲಿಲ್ಲವಲ್ಲ.

ಗಂಡ ವೈರ್‌ಮನ್, ಕಥೋಲಿಕ. ಇವಳು ಪ್ರಾಟೆಸ್ಟಂಟ್ ಮನೆಯ ಹುಡುಗಿ. ಮದುವೆಯಾಗಿ ಕೂದಲು ನರೆತರೂ ಇಬ್ಬರೂ ಹಟ ಬಿಡಲಿಲ್ಲ. ಭಾನುವಾರ ಬೆಳಿಗ್ಗೆ ಚರ್ಚಿಗೆ ಜೊತೆಯಲ್ಲೇ ಹೊರಡುವರು. ಬೀದಿಯ ತುದಿಯಲ್ಲಿ ಅವನು ಬಲಕ್ಕೆ ತನ್ನ ಚರ್ಚಿಗೆ, ಇವಳು ಎಡಕ್ಕೆ ತನ್ನದಕ್ಕೆ. ಮಧ್ಯಾಹ್ನ ಊಟಕ್ಕೆ ಕೂತರೆ ಚರ್ಚಿನಲ್ಲಿ ಕೊಡುವ ರೊಟ್ಟಿಯ ಬಗ್ಗೆ ಜಗಳ ಶುರು.

"ಗುರುಗಳು ಪ್ರಾರ್ಥನೆ ಹೇಳಿದ ಮೇಲೆ ಅದು ರೊಟ್ಟಿ ಅಲ್ಲ ಕಣೇ. ಸಾಕ್ಷಾತ್ ಸ್ವಾಮಿಯ ಶರೀರ."

"ಆ ಸ್ವಾಮೀನೇ ನನ್ನ ನೆನಪಿಗೆ ಮಾಡಿ ಅಂದಿದ್ದು ರೀ, ನೆನಪಿಗೆ! ಗೋಡೇಲಿ ನಿಮ್ಮ ಫೋಟೋ ಇದೆ ಅಂತ ಅದಕ್ಕೆ ಊಟ ಬಡಿಸ್ತೀನಾ?"

ಅವನಿಗೆ ಸಿಟ್ಟೂ ಬರುತ್ತಿತ್ತು, ನಗುವೂ ಬರುತ್ತಿತ್ತು. ಅವಳ ಸಭೆಯಲ್ಲಾದರೋ, ಕರ್ತನ ಭೋಜನ ಎಂದು ರೊಟ್ಟಿ ಹಂಚುವುದು ಮುಗಿದ ಮೇಲೆ ಉಳಿದ ರೊಟ್ಟಿ ಚೂರುಗಳನ್ನು ಮಕ್ಕಳು ಕಿತ್ತಾಡಿಕೊಂಡು ತಿನ್ನುತ್ತಿದ್ದರು. ಅದೇನು ದೊಡ್ಡ ವಿಷಯ ಎಂದು ಯಾರಿಗೂ ಅನ್ನಿಸುತ್ತಿರಲಿಲ್ಲ.

ಆಮೇಲೆ ಅವನಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಸ್ವಾಧೀನ ತಪ್ಪಿದವು, ಗುಟುಕು ನೀರು ನುಂಗುವುದೂ ಕಷ್ಟವಾಯಿತು. ಗುರುಗಳು ಮನೆಗೇ ಬಂದು ಪರಮಪ್ರಸಾದದ ರೊಟ್ಟಿಯ ಸಣ್ಣ ಚೂರನ್ನು ನಾಲಿಗೆಯ ಮೇಲಿಟ್ಟು ಹೋದರು. ಅವರು ಗೇಟು ದಾಟಿದರೋ ಇಲ್ಲವೋ, ಇವನಿಗೆ ಕೆಮ್ಮು ಹತ್ತಿತು. ಎಂಜಲಿನ ಜೊತೆ ಚೂರೂ ಎದೆಯ ಮೇಲಿನ ಟವೆಲ್ಲಿಗೆ ಬಿತ್ತು. ಅವಳು ಹಳೇ ಪೇಪರಿನಲ್ಲಿ ಒರೆಸಿ, ಕಸದ ಬುಟ್ಟಿಯಲ್ಲಿದ್ದ ಬಾಳೆಹಣ್ಣಿನ ಸಿಪ್ಪೆಯ ಮೇಲೆ ಬಿಸಾಕಿದಳು. ಹೊರಗೆ ಕಸದ ಗಾಡಿ ಬಂದಿತ್ತು. ಬುಟ್ಟಿಯನ್ನು ಒಯ್ದು ಸುರಿದು ಬಂದಳು.

ನಿದ್ದೆ ಮಾಡಿ ಎದ್ದವನು ಕೇಳಿದ. "ಕೆಮ್ಮಿದಾಗ ಬಂತಲ್ಲ... ಪ್ರಸಾದ. ಏನ್ಮಾಡ್ದೆ?"

ಹಾಗೇನಾದರೂ ಆದರೆ ನೀರಿನಲ್ಲಿ ಕರಗಿಸಿ, ಯಾರೂ ತುಳಿಯದ ಮಣ್ಣಿಗೆ ಹಾಕಬೇಕು ಎಂದು ಅವನು ಎಷ್ಟೋ ಸಲ ಹೇಳಿದ್ದ. ಅವನ ಕಣ್ಣಲ್ಲಿ ಈಗಿದ್ದ ಭಯ ಆಸ್ಪತ್ರೆಯಲ್ಲೂ ಇರಲಿಲ್ಲ.

"ನೀರಲ್ಲಿ ಕರಗಿಸಿ ಗಿಡದ ಕುಂಡಕ್ಕೆ ಹಾಕ್ದೆ ರೀ. ಬಾಗಿಲ ಹತ್ರದ್ದಕ್ಕೆ."

"ನೀನಾ? ನನ್ನ ಮಾತು ನೆನಪಿಟ್ಕೊಂಡಿದ್ಯಾ!" ಎಂದು ಅವಳ ಕೈ ಹಿಡಿದು ಗೊಳೋ ಎಂದು ಅತ್ತುಬಿಟ್ಟ.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಮುಗಿಯಬೇಕಲ್ಲ! ಮರುದಿನ ಗಾಲಿಕುರ್ಚಿಯನ್ನು ಬಾಗಿಲ ಬಳಿ ತಳ್ಳಿಸಿಕೊಂಡು ಹೋಗಿ, ಕುಂಡದ ಮುಂದೆ ಬಲಗೈಯಿಂದ ಶಿಲುಬೆಯ ಗುರುತು ಹಾಕಿ ತಲೆಬಾಗಿದ. ಅದರ ಮರುದಿನವೂ ಅಷ್ಟೇ. ಅವಳು ಕುರ್ಚಿ ಹಿಡಿದು ಹಿಂದೆ ನಿಂತಳು. ರೊಟ್ಟಿಗೆ ಅಡ್ಡಬೀಳುವುದೇ ತಪ್ಪೆಂದು ಬೆಳೆದವಳು ಅವಳು. ಇಲ್ಲಿ ರೊಟ್ಟಿಯೂ ಇಲ್ಲ, ಬರೀ ಮಣ್ಣು, ಅರ್ಧ ಬಾಡಿದ ಗಿಡ. ಇವಳ ಲೆಕ್ಕದಲ್ಲೂ ತಪ್ಪು, ಅವನ ಲೆಕ್ಕದಲ್ಲೂ ತಪ್ಪು, ಮಾಡಿಸುತ್ತಿರುವವಳು ತಾನು. ಹೇಳಿಬಿಡೋಣವೆಂದರೆ ಮನಸ್ಸಿಗೆ ಆಘಾತ ಆಗಬಾರದು ಎಂದಿದ್ದರು ಡಾಕ್ಟರು. ಅವಳಿಗೆ ಅನ್ನ ಸೇರಲಿಲ್ಲ. ಯಾರದೋ ರವಿಕೆಗೆ ತೋಳನ್ನು ತಿರುಗಾಮುರುಗಾ ಹೊಲಿದಳು.

ಒಂದು ಬೆಳಿಗ್ಗೆ ಅವನು ಕುಂಡದ ಮುಂದೆ ಕೂತು ತಿರುಗಿ ನೋಡಿದ. "ಇಷ್ಟು ವರ್ಷ ನಿನ್ನ ಏನೂ ಕೇಳಿಲ್ಲ. ಇವತ್ತೊಂದ್ಸಲ ನನ್ನ ಜೊತೆ ಕೈ ಮುಗಿಯೇ."

ಅವಳು ಅವನ ಕಾಲ ಬಳಿ ಕೂತಳು. "ಅದರಲ್ಲಿಲ್ಲ ರೀ. ಸುಳ್ಳು ಹೇಳ್ದೆ. ಕಸದ ಬುಟ್ಟಿಗೆ ಹಾಕಿದ್ದೆ, ಗಾಡಿಯವನು ತಗೊಂಡು ಹೋದ."

ಬೈದಿದ್ದರೆ, ಒಂದೇಟು ಹೊಡೆದಿದ್ದರೂ ಅವಳು ತಡೆದುಕೊಳ್ಳುತ್ತಿದ್ದಳು. ಅವನು ಬೀದಿಯ ಕಡೆ ನೋಡಿದ.

"ಆ ಗಾಡಿ ಎಲ್ಲಿಗೆ ಹೋಗುತ್ತೆ?"

"ಬೇಡ ರೀ..."

"ಎಲ್ಲಿಗೆ?"

"ಸೇತುವೆ ಆಚೆ. ಅಲ್ಲಿ ಸುರೀತಾರೆ."

"ನಡಿ."

ಹೊಲಿಗೆ ಅಂಗಡಿಯ ಬಾಗಿಲೆಳೆದು, ಏದುಸಿರು ಬಿಡುತ್ತಾ ಕುರ್ಚಿಯನ್ನು ಸೇತುವೆ ದಾಟಿಸಿದಳು. ಮುಂದೆ ಕಸದ ಗುಡ್ಡ, ಹೊಗೆ, ಮೂಗು ಬಿಡಲಾಗದ ನಾತ. ಅವನು ಶಿಲುಬೆಯ ಗುರುತು ಹಾಕಿದ. ಮಂಡಿಯೂರಲು ನೋಡಿದ, ಆಗಲಿಲ್ಲ. ತಲೆಯನ್ನು ಎದೆಗೆ ತಾಗುವಷ್ಟು ಬಗ್ಗಿಸಿದ.

"ನಿನ್ನನ್ನ ಇಲ್ಲಿಗೆ ತಂದು ಹಾಕಿಬಿಟ್ವಲ್ಲ, ಸ್ವಾಮಿ" ಎಂದು ಅತ್ತ. ಇವಳು ಹಾಕಿದಳು ಎನ್ನಲಿಲ್ಲ.

ಬರೀ ರೊಟ್ಟಿ ರೀ ಅದು, ಅಳಬೇಡಿ ಎನ್ನಲು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಎರಡು ನಾಯಿಗಳು ಗುಡ್ಡ ಹತ್ತಿ ಕಸ ಕೆದಕತೊಡಗಿದವು. ಅವನು ಬಲಗೈಯನ್ನು ಗಾಳಿಯಲ್ಲಿ ಬೀಸುತ್ತಾ "ಓಡ್ಸೇ, ಓಡ್ಸೇ ಅವುನ್ನ!" ಎಂದು ಕೂಗಿದ.

ಬರೀ ರೊಟ್ಟಿ ಎಂದು ಜೀವಮಾನವಿಡೀ ವಾದಿಸಿದವಳು ಕಸದ ಗುಡ್ಡ ಹತ್ತಿ, ಅಳುತ್ತಾ, ನಾಯಿಗಳಿಗೆ ಕಲ್ಲು ಹೊಡೆದಳು.